ಯಾರ ಪಕ್ಕ ಕೂತು ತಿಂದೆವು

ಬೆಂಗಳೂರಿನ ಹೋಟೆಲುಗಳ ಕತೆ ಹೇಳುವವರು ಸಾಮಾನ್ಯವಾಗಿ ದೋಸೆಯಿಂದ ಶುರು ಮಾಡುತ್ತಾರೆ. ಹಿಟ್ಟು ಎಷ್ಟು ಹುಳಿ ಬರಬೇಕು, ಚಟ್ನಿಗೆ ಹುರಿಗಡಲೆ ಬೇಕೋ ಬೇಡವೋ. ಚಾಮರಾಜಪೇಟೆಯಲ್ಲಿ ಬೆಳೆದ ನನಗೂ ಆ ಜಗಳ ಇಷ್ಟವೇ. ಆದರೆ ನಾನು ಕತೆಯನ್ನು ಬೆಂಚಿನಿಂದ ಶುರು ಮಾಡುತ್ತೇನೆ: ಯಾರು ಒಳಗೆ ಬಂದರು, ಯಾರ ಪಕ್ಕ ಕೂತರು.

1924ರಲ್ಲಿ ಕೋಟದ ಹತ್ತಿರದ ಪಾರಂಪಳ್ಳಿಯ ಮಯ್ಯ ಸಹೋದರರು ಲಾಲ್‌ಬಾಗ್ ಕೋಟೆ ರಸ್ತೆಯಲ್ಲಿ ತೆರೆದ ಹೋಟೆಲಿಗೆ ಇಟ್ಟ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಇವತ್ತಿನ ಎಂ.ಟಿ.ಆರ್. ಅದೇ. ಈಗ ಆ ಹೆಸರು ಕೇಳಿದರೆ ಹುಬ್ಬೇರುತ್ತದೆ. ಆಗ ಅದು ಒಂದು ವರ್ಗದ ಗಿರಾಕಿಗೆ ಧೈರ್ಯ ಹೇಳುವ ಬೋರ್ಡು, ಒಲೆಯ ಮುಂದೆ ನಿಂತವನು ಯಾರು ಎಂಬ ಅನುಮಾನ ಬೇಡ ಅಂತ. ಹೊರಗೆ ತಿನ್ನುವುದೇ ಮೈಲಿಗೆ ಅಂದುಕೊಂಡಿದ್ದ ಕಾಲ. ನಮ್ಮ ಅಜ್ಜಿ ಸಾಯುವವರೆಗೂ ಹೋಟೆಲಿನ ಕಾಫಿ ಬಾಯಿಗಿಡಲಿಲ್ಲ. ತಾತ ಮಾತ್ರ ಪೇಟೆಗೆ ಹೋದಾಗಲೆಲ್ಲ ಕುಡಿದು ಬರುತ್ತಿದ್ದರು.

“ಯಾರ ಕೈದು ಕುಡಿದು ಬಂದ್ರಿ?”

“ಭಟ್ಟರದ್ದೇ ಕಣೇ, ಮಡೀಲೇ ಮಾಡಿದ್ದು.”

ಭಟ್ಟರು ಮಡಿಯಲ್ಲಿದ್ದರೋ ಇಲ್ಲವೋ ತಾತನಿಗೂ ಗೊತ್ತಿರಲಿಲ್ಲ. ಆ ಬೋರ್ಡು ಒಬ್ಬರನ್ನು ಕರೆದ ಹಾಗೆಯೇ ಇನ್ನೊಬ್ಬರನ್ನು ಬಾಗಿಲಲ್ಲೇ ತಡೆಯುತ್ತಿತ್ತು ಎಂಬುದನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ಯೋಚಿಸಿದವರಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳನ್ನು ಹೆಸರಿಸಿಯೇ ಯಾರನ್ನೂ ತಡೆಯುವಂತಿಲ್ಲ ಎಂದಿತು. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ತಡೆದವರಿಗೆ ಶಿಕ್ಷೆ ಗೊತ್ತು ಮಾಡಿತು. ಅದಾದ ಎಷ್ಟೋ ವರ್ಷಗಳ ಮೇಲೂ ಸೋದರಮಾವನ ಊರಿನ ಚಹದಂಗಡಿಯಲ್ಲಿ ಸೂರಿನ ತೀರಿಗೆ ಸಿಕ್ಕಿಸಿಟ್ಟ ಬೇರೆ ಲೋಟಗಳನ್ನು ನಾನೇ ಕಂಡಿದ್ದೇನೆ. ಕುಡಿದವರೇ ತೊಳೆದು ಅಲ್ಲೇ ಸಿಕ್ಕಿಸಬೇಕಿತ್ತು.

ಪೇಟೆಯಲ್ಲಿ ಹಾಗೆ ನಡೆಸುವುದು ಕಷ್ಟ. ಬಂದವರ ಮುಖ ನೋಡಿ ಜಾತಿ ಹೇಳಲು ಗಲ್ಲಾದ ಮೇಲೆ ಕೂತವನಿಗೆ ಬರುವುದಿಲ್ಲ, ಕೇಳುತ್ತ ಕೂತರೆ ವ್ಯಾಪಾರ ನಡೆಯುವುದಿಲ್ಲ. 1951ರಲ್ಲಿ ಯೂರೋಪು ಸುತ್ತಿ ಬಂದ ಯಜ್ಞನಾರಾಯಣ ಮಯ್ಯರು ಅಲ್ಲಿನ ಶುಚಿಯನ್ನು ಕಂಡು, ಇಲ್ಲಿ ಪಾತ್ರೆ ಲೋಟಗಳನ್ನು ಬಿಸಿ ಹಬೆಗೆ ಹಿಡಿಸಿ ತೊಳೆಸತೊಡಗಿದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಲಿ ಎಂದರು. ಮಡಿ ಇದ್ದ ಜಾಗಕ್ಕೆ ಹಬೆ ಬಂತು. 1960ರಲ್ಲಿ ಹೋಟೆಲು ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂದಾಗ ಹೆಸರು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಜಾತಿಯ ಹೆಸರು ಹೋಗಿ ಬಡಾವಣೆಯ ಹೆಸರು ಬಂದದ್ದು ಸಣ್ಣ ಸಂಗತಿ ಎಂದು ನನಗನ್ನಿಸುವುದಿಲ್ಲ. ಒಲೆಯ ಮುಂದಿನವರು ಮಾತ್ರ ಬಹುಕಾಲ ಭಟ್ಟರೇ.

ಗಾಂಧಿಬಜಾರಿನ ವಿದ್ಯಾರ್ಥಿ ಭವನದ ಹೆಸರಲ್ಲಿ ಮೊದಲಿನಿಂದಲೂ ಜಾತಿ ಇರಲಿಲ್ಲ. 1943ರಲ್ಲಿ ವೆಂಕಟರಮಣ ಉರಾಳರು ಅದನ್ನು ತೆರೆದದ್ದು ಸುತ್ತಲಿನ ಶಾಲೆ ಕಾಲೇಜುಗಳ ಹುಡುಗರನ್ನು ನಂಬಿಕೊಂಡು. 1970ರಲ್ಲಿ ರಾಮಕೃಷ್ಣ ಅಡಿಗರ ಕೈಗೆ ಬಂತು. ಮಯ್ಯ, ಉರಾಳ, ಅಡಿಗ: ಕುಂದಾಪುರ ಸೀಮೆಯ ಹೆಸರುಗಳೇ ಎಲ್ಲ. ಅಲ್ಲಿ ಒಂದು ಸಲ ಸರಿಯಾಗಿ ನೋಡಿ. ಪಂಚೆ ಉಟ್ಟ ಸಪ್ಲೈಯರ್ ಅಂಗೈಯಿಂದ ಮೊಳಕೈ ದಾಟುವವರೆಗೆ ಮಸಾಲೆದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಅಡುಗೆಮನೆಯಿಂದ ಹೊರಡುತ್ತಾನೆ. ಕಾಯುತ್ತ ನಿಂತವರ ನಡುವೆ ಓರೆಯಾಗಿ ತೂರಿ, ಇನ್ನೊಂದು ಕೈಯಿಂದ ಮೇಲಿನ ತಟ್ಟೆಯನ್ನು ಇಸ್ಪೀಟೆಲೆ ಹಂಚಿದ ಹಾಗೆ ಎಳೆದೆಳೆದು ಮೇಜಿಗೆ ಇಡುತ್ತಾನೆ. ನಮ್ಮ ಎದುರು ಕೂತವರು ಯಾರೋ. ಜಾಗ ಖಾಲಿಯಾದಲ್ಲಿ ಕೂತುಕೊಳ್ಳಬೇಕು. ಗೋಡೆಯ ಮೇಲೆ ಕನ್ನಡದ ದೊಡ್ಡವರ ಚಿತ್ರಗಳಿವೆ, ಅದು ಅಲಂಕಾರ. ಅವರ ಮನೆಗಳೂ ಅಲ್ಲೇ ಆಸುಪಾಸಿನಲ್ಲಿದ್ದವು, ಅದು ಮುಖ್ಯ. ಓದುವವನ ಎದುರು ಬರೆದವನೇ ಬಂದು ಕೂರುವ ಸಾಧ್ಯತೆ ಇದ್ದ ಬೀದಿ ಅದು.

ಬೈಟೂ ಕಾಫಿ ಹುಟ್ಟುವುದಕ್ಕೂ ಇಂಥದೇ ಮೇಜು ಬೇಕಾಗಿತ್ತು. ಒಂದು ಕಾಫಿಯ ದುಡ್ಡಿಗೆ ಎರಡು ಲೋಟ. ಜೇಬು ತೂಗಿ ನೋಡಿದ ಜಿಪುಣತನ ಅನ್ನಿ, ಮಾತಿಗೆ ನೆಪ ಅನ್ನಿ. ಹಳೆಯ ಸಪ್ಲೈಯರುಗಳು ತಂದ ಬೈಟೂ ನನ್ನ ಲೆಕ್ಕದಲ್ಲಿ ಅರ್ಧಕ್ಕಿಂತ ಒಂದು ಗುಟುಕು ಹೆಚ್ಚೇ ಇರುತ್ತಿತ್ತು.

ಆದರೆ ಆ ಮೇಜಿನಲ್ಲಿ ನಾನು ಎಲ್ಲಿದ್ದೆ? ಫ್ಯಾಮಿಲಿ ರೂಮಿನಲ್ಲಿ. ಹೆಂಗಸರು ಎಂದರೆ ಪಕ್ಕದ ಬಾಗಿಲು, ಎದೆಮಟ್ಟದ ಹಲಗೆಯ ಮರೆ, ಕೆಲವು ಕಡೆ ಕೊಳೆ ಹಿಡಿದ ಪರದೆ. ಜೊತೆಗೆ ಅಪ್ಪನೋ ಅಣ್ಣನೋ ಇರಬೇಕು. ಒಬ್ಬಳೇ ಹೋದ ದಿನ ಸಪ್ಲೈಯರ್ ನನ್ನನ್ನು ನೋಡಿಯೂ ನೋಡದವನ ಹಾಗೆ ಪಾರ್ಸೆಲ್ಲಾ ಎಂದು ಕೇಳಿದ್ದ. ಕಾಟನ್‌ಪೇಟೆ ಕಡೆಯ ಮಿಲಿಟರಿ ಹೋಟೆಲುಗಳಲ್ಲಿ, ಮುದ್ದೆ, ಕಾಲ್ ಸೂಪಿನ ಆ ಇನ್ನೊಂದು ಲೋಕದಲ್ಲಿ, ಪಾರ್ಸೆಲ್ಲಿಗೂ ಹೆಂಗಸರು ಕಾಣುತ್ತಿರಲಿಲ್ಲ.

ಅದನ್ನು ಬದಲಿಸಿದ್ದು ಯಾವ ಚಳವಳಿಯೂ ಅಲ್ಲ, ಖರ್ಚಿನ ಲೆಕ್ಕ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕೆಫೆ ದರ್ಶಿನಿ ಶುರುವಾಯಿತು. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ; ದುಡ್ಡು ಕೊಟ್ಟು ಟೋಕನ್ ತಗೋ, ನೀನೇ ತಂದುಕೋ, ನಿಂತು ತಿನ್ನು. ಸಂಬಳ ಉಳಿಯಿತು, ಬಾಡಿಗೆಯ ಜಾಗ ಉಳಿಯಿತು, ಇಡ್ಲಿ ಅಗ್ಗವಾಯಿತು. ಸ್ವಲ್ಪ ಕಾಲದಲ್ಲೇ ಊರಿನ ಮೂಲೆಮೂಲೆಗೂ ದರ್ಶಿನಿ ಹಬ್ಬಿತು. ನಿಂತು ತಿನ್ನುವುದು ದನದ ಹಾಗೆ ಎಂದು ನಮ್ಮ ತಂದೆ ಗೊಣಗಿದರು. ನನಗಂತೂ ಅದು ಬಿಡುಗಡೆ. ನಿಲ್ಲುವ ಜಾಗಕ್ಕೆ ಫ್ಯಾಮಿಲಿ ರೂಮು ಎಲ್ಲಿಂದ ಬರಬೇಕು? ಆಫೀಸಿನ ಗೆಳತಿಯರ ಜೊತೆ ಸಂಜೆ ಆರಕ್ಕೆ ಫುಟ್‌ಪಾತಿನಲ್ಲಿ ನಿಂತು, ಒಂದೇ ಉಕ್ಕಿನ ಮೇಜಿನ ಆ ಕಡೆ ಆಟೋದವರು, ಈ ಕಡೆ ನಾವು, ಸಾಂಬಾರಿನಲ್ಲಿ ಮುಳುಗಿದ ವಡೆ ತಿಂದದ್ದು ಮೊದಮೊದಲು ಸಾಹಸದ ಹಾಗಿತ್ತು. ವರ್ಷದೊಳಗೆ ತಿರುಗಿ ನೋಡುವವರೂ ಇಲ್ಲವಾದರು.

ಈಚೆಗೆ ಅದೇ ದರ್ಶಿನಿಗಳ ಮಹಡಿಯ ಮೇಲೆ ಎ.ಸಿ. ಹಾಲು ಬಂದಿದೆ. ಕೆಳಗಿನ ದೋಸೆಯೇ ಮೆಟ್ಟಿಲು ಹತ್ತಿ ಮೇಲೆ ಹೋದರೆ ದರ ಏರುತ್ತದೆ. ಮಂಡಿ ನೋವಿನ ದೆಸೆಯಿಂದ ನಾನೂ ಒಮ್ಮೊಮ್ಮೆ ಮೇಲೆ ಹೋಗುತ್ತೇನೆ. ಅಲ್ಲಿ ನಾಲ್ಕು ಜನರ ಮೇಜಿಗೆ ಒಬ್ಬಳೇ ಕೂತರೂ ಎದುರಿಗೆ ಬೇರೆ ಯಾರನ್ನೂ ತಂದು ಕೂರಿಸುವುದಿಲ್ಲ.