ನೆಗ್ಗು ತೆಗೆಯುವ ವಿದ್ಯೆ

ಹೊರಗಿನವರಿಗೆ ದೊಡ್ಮನೆಯೆಂದರೆ ರಾಮಕೃಷ್ಣ ಹೆಗಡೆಯವರ ಹುಟ್ಟೂರು. ನನ್ನಂಥ ಟಿಂಕರನಿಗೆ ಅದು ಮೊದಲು ಒಂದು ಘಟ್ಟ. ಸಿದ್ದಾಪುರದಿಂದ ಕುಮಟೆಗೆ ಇಳಿಯುವ ದೊಡ್ಮನೆ ಘಟ್ಟ, ಶಿರಸಿಯಿಂದ ಇಳಿಯುವ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲೆಯತ್ತ ಇಳಿಯುವ ಅರಬೈಲು ಘಟ್ಟ, ಈ ಮೂರರ ತಿರುವುಗಳೇ ನಮ್ಮ ಗ್ಯಾರೇಜುಗಳಿಗೆ ಕೆಲಸ ಒದಗಿಸುತ್ತ ಬಂದಿವೆ. ಪರರ ಅಪಘಾತವೇ ನಮ್ಮ ಅನ್ನವೆಂಬುದು ಹೇಳಲು ಹಿತವಾದ ಮಾತಲ್ಲ, ಆದರೆ ನಿಜ.

ಟಿಂಕರ್ ಎಂಬ ಹೆಸರಿನಲ್ಲಿಯೇ ಈ ಕಸುಬಿನ ಚರಿತ್ರೆ ಅಡಗಿದೆ. ಊರೂರು ತಿರುಗಿ ಪಾತ್ರೆಗಳ ತೂತು ಮುಚ್ಚುತ್ತಿದ್ದವನನ್ನು ಇಂಗ್ಲಿಷರು ಹಾಗೆ ಕರೆಯುತ್ತಿದ್ದರು. ನಮ್ಮಲ್ಲಿ ಕಂಚುಗಾರರೂ ಕಲಾಯಿಯವರೂ ಅದೇ ಜಾತಿಯ ಕೆಲಸ ಮಾಡುತ್ತಿದ್ದರು. ಹಂಡೆಯ ನೆಗ್ಗನ್ನು ಒಳಗಿನಿಂದ ತಟ್ಟಿ ಎತ್ತುವ ವಿದ್ಯೆಯೇ ಮೋಟಾರಿನ ಮಡ್‌ಗಾರ್ಡಿಗೂ ದಾಟಿಬಂತು. ಮೊದಮೊದಲು ಮೋಟಾರಿನ ಮೈ ಮರದ ಚೌಕಟ್ಟಿನದು, ಬಡಗಿಯ ಪಾಲಿನದು. ಫ್ರಾನ್ಸಿನಲ್ಲಿ ೧೯೦೩ರ ಹೊತ್ತಿಗೆ ಆಕ್ಸಿಜನ್ ಮತ್ತು ಅಸೆಟಿಲೀನ್ ಕೂಡಿಸಿ ಉರಿಸುವ ಬೆಸುಗೆಯ ಕೊಳವೆ ಬಂತು. ೧೯೧೦ರ ದಶಕದಲ್ಲಿ ಫಿಲಡೆಲ್ಫಿಯದ ಎಡ್ವರ್ಡ್ ಬಡ್ ಕಾರಿನ ಇಡೀ ಮೈಯನ್ನು ಉಕ್ಕಿನಲ್ಲಿ ಕಟ್ಟಿ ಡಾಜ್ ಕಂಪನಿಗೆ ಒದಗಿಸಿದ. ಅಲ್ಲಿಂದ ಮುಂದೆ ಬಡಗಿ ಹಿಂದೆ ಸರಿದ. ಸುತ್ತಿಗೆಯವನು ಮುಂದೆ ಬಂದ.

ನಾನು ಕೆಲಸಕ್ಕೆ ಸೇರಿದಾಗ ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳ ಕಾಲ. ಉಕ್ಕಿನ ತಗಡಿಗೆ ಪೆಟ್ಟು ಬಿದ್ದಾಗ ಅದು ಬಾಗುವುದಷ್ಟೇ ಅಲ್ಲ, ಅಲ್ಲಲ್ಲಿ ಹಿಗ್ಗುತ್ತದೆ. ಹಿಗ್ಗಿದ್ದನ್ನು ಬಡಿದರೆ ಇನ್ನಷ್ಟು ಹಿಗ್ಗಿ ಉಬ್ಬಿಕೊಳ್ಳುತ್ತದೆ. ಆದ್ದರಿಂದ ಒಳಗಡೆ ಡಾಲಿ ಎಂಬ ಕಬ್ಬಿಣದ ಗಟ್ಟಿಯನ್ನು ಒತ್ತಿಹಿಡಿದು ಹೊರಗಿನಿಂದ ಹಗುರವಾಗಿ ಸುತ್ತಿಗೆ ಆಡಿಸಬೇಕು. ಹಿಗ್ಗಿದೆಡೆಯಲ್ಲಿ ನಾಣ್ಯದಷ್ಟಗಲ ಕೆಂಪಗೆ ಕಾಯಿಸಿ, ಒದ್ದೆ ಬಟ್ಟೆಯೊತ್ತಿ ಕುಗ್ಗಿಸಬೇಕು. ಇದಕ್ಕಿಂತ ಸೂಕ್ಷ್ಮವಾದುದು ಕ್ರಮ. ಪೆಟ್ಟು ಮೊದಲು ತಗುಲಿದಲ್ಲಿ ಕೈ ಹಾಕಬಾರದು. ಕಟ್ಟಕಡೆಗೆ ಮಡಿಚಿಕೊಂಡ ಭಾಗವನ್ನು ಮೊದಲು ಬಿಡಿಸಬೇಕು. ಅಪಘಾತವನ್ನು ಕೊನೆಯಿಂದ ಮೊದಲಿಗೆ ಓದಬೇಕು ಎನ್ನಿ. ನನಗೆ ಕಲಿಸಿದ ಮೇಸ್ತ್ರಿಗಳು ತಗಡಿನ ಮೇಲೆ ತೆಳುಬಟ್ಟೆ ಹರಡಿಸಿ, "ಕಣ್ಣು ಮುಚ್ಚು ತಮ್ಮಾ, ಅಂಗೈ ನೋಡ್ಲಿ" ಎನ್ನುತ್ತಿದ್ದರು. ಕಣ್ಣಿಗೆ ಕಾಣದ ಏರುತಗ್ಗು ಅಂಗೈಗೆ ಸಿಕ್ಕುತ್ತಿತ್ತು.

ಹಾಗೆಂದು ಆ ಕಾಲವೆಲ್ಲ ಚಿನ್ನವಾಗಿರಲಿಲ್ಲ. ತುಕ್ಕು ತಿಂದ ತಗಡಿನ ಮೇಲೆ ಬೆರಳುದಪ್ಪ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕಳಿಸುವವರು ಆಗಲೂ ಇದ್ದರು. ನಮ್ಮ ಮಳೆಗಾಲವೋ, ಬಣ್ಣದ ಶತ್ರು; ತೇವದ ಗಾಳಿಯಲ್ಲಿ ಹೊಡೆದ ಲ್ಯಾಕರ್ ಬಣ್ಣ ಹಾಲು ಚೆಲ್ಲಿದಂತೆ ಮಂಕಾಗಿಬಿಡುತ್ತಿತ್ತು.

೧೯೮೩ರ ಡಿಸೆಂಬರ್ ೧೪ರಂದು ಮೊದಲ ಮಾರುತಿ ೮೦೦ ಗಿರಾಕಿಯ ಕೈಸೇರಿತು. ಅದರ ತಗಡು ತೆಳುವು; ಅಂಬಾಸಡರಿಗೆ ಹೊಡೆದಂತೆ ಹೊಡೆದರೆ ತಾಳದು. ಬರಬರುತ್ತ ಬಿಡಿಭಾಗಗಳು ಸುಲಭವಾಗಿ ಸಿಗತೊಡಗಿದವು. ವಿಮೆಯ ಸರ್ವೇಯರಿಗೂ ಹೊಸ ಬಾಗಿಲಿನ ಬೆಲೆ ಬರೆಯುವುದು ಸುಲಭ; ಮೂರು ದಿನದ ಕೈಕೆಲಸವನ್ನು ಅಳೆಯುವುದು ಕಷ್ಟ. ೨೦೧೪ರಲ್ಲಿ ಅಂಬಾಸಡರ್ ತಯಾರಿಕೆಯೇ ನಿಂತಿತು. ನೆಗ್ಗು ತೆಗೆಯುವವನು ಬಹುಮಟ್ಟಿಗೆ ಬಿಚ್ಚಿ ಜೋಡಿಸುವವನಾದ.

ಇದನ್ನು ಬರಿಯ ನಷ್ಟವೆಂದು ನಾನು ಹೇಳಲಾರೆ. ಇಂದಿನ ಅನೇಕ ಕಾರುಗಳಲ್ಲಿ ಬಾಗಿಲುಗಳ ನಡುವಣ ಕಂಬಕ್ಕೆ ಬೋರಾನ್ ಬೆರೆತ ಉಕ್ಕನ್ನು ಬಳಸುತ್ತಾರೆ. ಕಾಯಿಸಿ ಒತ್ತಿ, ಥಟ್ಟನೆ ತಣಿಸಿ ಅದಕ್ಕೆ ಬಲ ತುಂಬಿರುತ್ತಾರೆ. ಪಕ್ಕದಿಂದ ಪೆಟ್ಟು ಬಿದ್ದರೆ ಒಳಗಿದ್ದವರನ್ನು ಕಾಯುವುದು ಈ ಕಂಬ. ನಾವು ಹೆಮ್ಮೆಯಿಂದ ಹಿಡಿಯುತ್ತಿದ್ದ ಗ್ಯಾಸಿನ ಜ್ವಾಲೆ ತಗುಲಿದರೆ ಆ ಬಲ ಹೋಗುತ್ತದೆ. ಕಂಬ ನೆಟ್ಟಗೆ ನಿಂತಿರುತ್ತದೆ, ಬಣ್ಣ ಹೊಳೆಯುತ್ತದೆ, ಒಳಗೆ ಸತ್ವವಿರುವುದಿಲ್ಲ. ಅಂಗೈಗೂ ಅದು ತಿಳಿಯದು. ಅಲ್ಲಿ ಕತ್ತರಿಸಿ ಹೊಸದನ್ನು ಕೂರಿಸುವುದೊಂದೇ ದಾರಿ. ವಿಮೆಯ ಅವಧಿ ಮುಗಿದ ಗಾಡಿಯಾದರೆ ಯಜಮಾನರಿಗೆ ಆ ಖರ್ಚು ದೊಡ್ಡದು. ಅಡಿಕೆಯ ದರ ಇಳಿದ ವರ್ಷ ಕೇಳುವುದೇ ಬೇಡ. "ತಟ್ಟಿ ನೆಟ್ಟಗೆ ಮಾಡಿ ಕೊಡಿ ಮಾರಾಯ್ರೇ, ಯಾರಿಗೆ ಕಾಣ್ತದೆ?" ಎಂದು ಬೇಡಿಕೊಂಡವರಿದ್ದಾರೆ. ಅಂಥ ಗಾಡಿಗಳನ್ನು ನಾನು ಹಿಂದಕ್ಕೆ ಕಳಿಸಿದ್ದೇನೆ. ಅವುಗಳಲ್ಲಿ ಕೆಲವು ಬೇರೆಲ್ಲೋ ಬಣ್ಣ ಬಳಿಸಿಕೊಂಡು, ಮನೆಮಂದಿಯನ್ನೆಲ್ಲ ತುಂಬಿಕೊಂಡು, ಅದೇ ಘಟ್ಟವನ್ನು ಇಳಿಯುತ್ತಿದ್ದುದನ್ನೂ ಕಂಡಿದ್ದೇನೆ.