ಜಾಲಪುಟದ ಒಡೆತನ

ಬರೆಯುವವನೊಬ್ಬ, ಅಚ್ಚುಹಾಕುವವನೊಬ್ಬ, ಹಂಚುವವನು ಮತ್ತೊಬ್ಬ. ಗ್ರಂಥಪ್ರಪಂಚದಲ್ಲಿ ಬಹುಕಾಲದಿಂದ ನಡೆದುಬಂದ ಏರ್ಪಾಡು ಇದು. ಈ ಮೂರು ಕಾರ್ಯಗಳನ್ನೂ ಒಬ್ಬನೇ ಕೈಕೊಳ್ಳಬೇಕೆಂದರೆ ಅವನಿಗೆ ಸ್ವಂತ ಧನಬಲವಾದರೂ ಇರಬೇಕು, ದೊಡ್ಡದೊಂದು ಸಂಸ್ಥೆಯ ಬೆಂಬಲವಾದರೂ ಇರಬೇಕು. ೧೮೪೩ನೆಯ ಇಸವಿಯಲ್ಲಿ ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿಗೆ ಬಾಸೆಲ್ ಮಿಶನ್ನಿನ ಕಲ್ಲಚ್ಚಿನ ಮುದ್ರಣಾಲಯವು ಆಸರೆಯಾಗಿದ್ದಿತು. ಈಗಲಾದರೋ, ಓದುಬರಹ ಬಲ್ಲ ಯಾವ ಗೃಹಸ್ಥನಾಗಲಿ ಗೃಹಿಣಿಯಾಗಲಿ ಒಂದು ಸಂಜೆಯ ಬಿಡುವಿನಲ್ಲಿ ತನ್ನದೊಂದು ಪುಟವನ್ನು ತೆರೆದು, ಅದನ್ನು ಜಗತ್ತಿನ ಎಲ್ಲ ಭಾಗದವರೂ ಓದುವಂತೆ ಮಾಡಬಹುದಾಗಿದೆ. ಇದು ಸಣ್ಣ ಮಾತಲ್ಲ.

ಆದರೆ ಬ್ಲಾಗನ್ನು ತೆರೆಯುವುದು ಹೇಗೆಂದು ಕೇಳುವವರು ಬಹಳ. ತೆರೆದ ಬ್ಲಾಗು ಯಾರದೆಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಗೆ ಉತ್ತರವು ಚರಿತ್ರೆಯಲ್ಲಿಯೇ ಇದೆ. ಆ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೧

ಸ್ವಿಟ್ಸರ್ಲೆಂಡಿನ ಜಿನೀವಾ ನಗರದ ಬಳಿಯಲ್ಲಿ ಸರ್ನ್ ಎಂಬ ಭೌತವಿಜ್ಞಾನದ ಸಂಶೋಧನಾಲಯವುಂಟು. ಅಲ್ಲಿ ಕೆಲಸಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲೇಯನು ೧೯೮೯ರ ಮಾರ್ಚಿಯಲ್ಲಿ ತನ್ನ ಮೇಲಧಿಕಾರಿಗಳಿಗೆ ಒಂದು ಸೂಚನೆಯನ್ನು ಬರೆದುಕೊಟ್ಟನು. ಬೇರೆ ಬೇರೆ ಗಣಕಯಂತ್ರಗಳಲ್ಲಿ ಚೆದರಿಬಿದ್ದ ಲೇಖಗಳನ್ನು ಕೊಂಡಿಗಳಿಂದ ಒಂದಕ್ಕೊಂದು ಸೇರಿಸಬೇಕೆಂಬುದೇ ಅದರ ಸಾರಾಂಶ. ೧೯೯೦ರ ಕೊನೆಗೆ ಅದು ಕಾರ್ಯರೂಪಕ್ಕೆ ಬಂದಿತು. ೧೯೯೧ರ ಆಗಸ್ಟ್ ೬ರಂದು ಆತನು ಅದನ್ನು ಹೊರಜಗತ್ತಿಗೆ ಪ್ರಕಟಿಸಿದನು. ನಾವು ಇಂದು ವೆಬ್ ಅಥವಾ ಜಾಲವೆಂದು ಕರೆಯುವುದು ಇದನ್ನೇ.

ಇಲ್ಲಿ ಒಂದು ವಿಷಯವನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಬರ್ನರ್ಸ್-ಲೀಯು ರಚಿಸಿದ ಮೊದಲನೆಯ ತಂತ್ರಾಂಶದಲ್ಲಿ ಓದುವುದಕ್ಕೂ ಬರೆಯುವುದಕ್ಕೂ ಒಂದೇ ಕಿಟಕಿಯಿದ್ದಿತು. ಜಾಲದಲ್ಲಿ ಓದುವವನೆಲ್ಲ ಬರೆಯುವವನೂ ಆಗಬೇಕೆಂಬುದು ಅವನ ಮೂಲ ಕಲ್ಪನೆ. ಮೇಲಾಗಿ, ೧೯೯೩ರ ಏಪ್ರಿಲ್ ೩೦ರಂದು ಸರ್ನ್ ಸಂಸ್ಥೆಯು ಈ ತಂತ್ರಾಂಶದ ಮೇಲಣ ತನ್ನ ಹಕ್ಕನ್ನು ಬಿಟ್ಟುಕೊಟ್ಟು, ಯಾರು ಬೇಕಾದರೂ ಹಣ ಕೊಡದೆ ಬಳಸಬಹುದೆಂದು ಸಾರಿತು. ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಮೊಸಾಯಿಕ್ ಎಂಬ ತಂತ್ರಾಂಶವು ಅಕ್ಷರಗಳ ನಡುವೆ ಚಿತ್ರಗಳನ್ನೂ ತೋರಿಸಿ ಜನರ ಮನಸ್ಸನ್ನು ಸೆಳೆಯಿತು. ಆದರೆ ಜನಪ್ರಿಯವಾದ ಈ ಕಿಟಕಿಯಲ್ಲಿ ಓದುವುದಕ್ಕೆ ಮಾತ್ರ ಅವಕಾಶವಿದ್ದಿತು. ಬರೆಯುವ ಬಾಗಿಲು ಹೀಗೆ ಮೊದಲಲ್ಲಿಯೇ ಬೇರೆಯಾಯಿತು.

ಬೇರೆಯಾದರೂ ಅದು ಮುಚ್ಚಿಹೋಗಲಿಲ್ಲ. ೧೯೯೪ರ ಜನವರಿಯಲ್ಲಿ ಪೆನ್ಸಿಲ್ವೇನಿಯಾ ಪ್ರಾಂತದ ಸ್ವಾರ್ತ್‌ಮೋರ್ ಕಾಲೇಜಿನ ವಿದ್ಯಾರ್ಥಿ ಜಸ್ಟಿನ್ ಹಾಲ್ ಎಂಬಾತನು ತನ್ನದೊಂದು ಪುಟವನ್ನು ತೆರೆದು, ತಾನು ಜಾಲದಲ್ಲಿ ಕಂಡ ವಿಶೇಷಗಳನ್ನೂ ತನ್ನ ನಿತ್ಯಜೀವನದ ಸಂಗತಿಗಳನ್ನೂ ಬರೆಯತೊಡಗಿದನು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಬರೆಯುತ್ತ ಹೋದನು. ವೈಯಕ್ತಿಕ ಬ್ಲಾಗಿನ ಆದ್ಯರಲ್ಲಿ ಅವನನ್ನು ಎಣಿಸುವುದು ರೂಢಿ. ಆ ಕಾಲದಲ್ಲಿ ಇಂಥ ಕೆಲಸಕ್ಕೆ ಎರಡು ಬೇಕಾಗಿದ್ದುವು: ಹಗಲಿರುಳೂ ಜಾಲಕ್ಕೆ ಸೇರಿಕೊಂಡಿರುವ ಸರ್ವರ್ ಎಂಬ ಗಣಕದಲ್ಲಿ ಸ್ವಲ್ಪ ಜಾಗ; ಎಚ್‌ಟಿಎಂಎಲ್ ಎಂಬ ಸಂಕೇತಭಾಷೆಯಲ್ಲಿ ಪರಿಶ್ರಮ. ಇವೆರಡೂ ದೊರೆಯುತ್ತಿದ್ದುದು ಹೆಚ್ಚಾಗಿ ವಿಶ್ವವಿದ್ಯಾನಿಲಯದವರಿಗೆ.

೨

ಉಳಿದವರಿಗೆ ಜಾಗ ಕೊಡಲು ವ್ಯಾಪಾರಿಗಳು ಮುಂದೆಬಂದರು. ೧೯೯೪ರ ಕೊನೆಯಲ್ಲಿ ಕ್ಯಾಲಿಫೋರ್ನಿಯದಲ್ಲಿ ಡೇವಿಡ್ ಬೊನೆಟ್ ಮತ್ತು ಜಾನ್ ರೆಜ್ನರ್ ಎಂಬವರು ಕಟ್ಟಿದ ಸಂಸ್ಥೆಯೊಂದು ಮರುವರ್ಷ ಜಿಯೊಸಿಟೀಸ್ ಎಂಬ ಹೆಸರನ್ನು ತಳೆಯಿತು. ಇದರ ರಚನೆ ವಿನೋದಕರವಾಗಿದ್ದಿತು. ಇಡೀ ತಾಣವನ್ನು ಒಂದು ಪಟ್ಟಣವೆಂದು ಭಾವಿಸಿ, ಅದರಲ್ಲಿ ಪೇಟೆಗಳನ್ನು ವಿಂಗಡಿಸಿದ್ದರು. ಚಲಚ್ಚಿತ್ರಪ್ರಿಯರಿಗೆ ಹಾಲಿವುಡ್, ಗಣಕಪ್ರಿಯರಿಗೆ ಸಿಲಿಕಾನ್ ವ್ಯಾಲಿ, ವಿದ್ಯೆ ಸಾಹಿತ್ಯಗಳಲ್ಲಿ ಆಸಕ್ತರಾದವರಿಗೆ ಅಥೆನ್ಸ್. ಪ್ರತಿಯೊಬ್ಬ ನಿವಾಸಿಗೂ ಆಯಾ ಪೇಟೆಯಲ್ಲಿ ಒಂದು ಮನೆಯ ನಂಬರು, ಬಾಡಿಗೆಯಿಲ್ಲ. ಲಕ್ಷಗಟ್ಟಲೆ ಜನರು ಅಲ್ಲಿ ಬಿಡಾರ ಹೂಡಿದರು.

೧೯೯೯ರ ಜನವರಿಯಲ್ಲಿ ಯಾಹೂ ಕಂಪೆನಿಯು ಈ ಪಟ್ಟಣವನ್ನು ಸುಮಾರು ೩೫೭ ಕೋಟಿ ಡಾಲರ್ ಬೆಲೆಯ ಷೇರುಗಳಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಅದೇ ವರ್ಷದ ಬೇಸಗೆಯಲ್ಲಿ, ನಿವಾಸಿಗಳು ಬರೆದುದೆಲ್ಲವನ್ನೂ ತನಗಿಷ್ಟ ಬಂದಂತೆ ಬಳಸಿಕೊಳ್ಳುವ ಹಕ್ಕು ತನಗುಂಟೆಂಬ ಷರತ್ತನ್ನು ಮುಂದಿಟ್ಟಿತು. ನಿವಾಸಿಗಳು ಸಿಟ್ಟಿಗೆದ್ದು ಗುಳೆ ಹೊರಡಲು ಕಂಪೆನಿಯು ಹಿಂಜರಿದು ಷರತ್ತನ್ನು ತಿದ್ದಿಕೊಂಡಿತು. ಹತ್ತು ವರ್ಷಗಳು ಕಳೆದುವು. ೨೦೦೯ರ ಅಕ್ಟೋಬರ್ ೨೬ರಂದು ಯಾಹೂ ಕಂಪೆನಿಯು ಪಟ್ಟಣವನ್ನೇ ಮುಚ್ಚಿಬಿಟ್ಟಿತು. ಜಪಾನಿನ ಶಾಖೆಯೊಂದು ಮಾತ್ರ ೨೦೧೯ರ ವರೆಗೆ ಉಳಿಯಿತು. ಮುಚ್ಚುವ ಮುನ್ನ ಕೆಲವು ತಿಂಗಳ ಅವಧಿಯನ್ನೇನೋ ಕೊಟ್ಟಿದ್ದರು. ಆದರೆ ಪುಟಗಳನ್ನು ಮರೆತವರೂ ಲೋಕವನ್ನೇ ಬಿಟ್ಟವರೂ ಬಂದು ತಮ್ಮ ಸಾಮಾನನ್ನು ಕೊಂಡೊಯ್ಯುವುದೆಂತು? ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪೂ, ೧೯೯೬ರಲ್ಲಿ ಬ್ರೂಸ್ಟರ್ ಕಾಹ್ಲ್ ಸ್ಥಾಪಿಸಿದ ಇಂಟರ್ನೆಟ್ ಆರ್ಕೈವ್ ಎಂಬ ಭಂಡಾರವೂ ತಮ್ಮ ಕೈಲಾದಷ್ಟನ್ನು ಪ್ರತಿಮಾಡಿಕೊಂಡುವು. ಬರೆದವರು ಇಟ್ಟುಕೊಳ್ಳದ ಪ್ರತಿಯನ್ನು ಅಪರಿಚಿತರು ಇಟ್ಟುಕೊಂಡರು. ಜಾಲದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಪಾಠವಿಲ್ಲ.

೩

ಇನ್ನು ಬ್ಲಾಗೆಂಬ ಹೆಸರಿನ ಕಥೆ. ಹಡಗಿನ ನಾಯಕನು ಪಯಣದ ವಿವರಗಳನ್ನು ದಿನದಿನವೂ ಬರೆದಿಡುವ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ ಲಾಗ್ ಎನ್ನುತ್ತಾರೆ. ೧೯೯೭ರ ಡಿಸೆಂಬರಿನಲ್ಲಿ ಜಾರ್ನ್ ಬಾರ್ಗರ್ ಎಂಬಾತನು ತಾನು ಜಾಲದಲ್ಲಿ ಓದಿದುದರ ದಿನವಹಿಗೆ ವೆಬ್‌ಲಾಗ್ ಎಂದು ಹೆಸರಿಟ್ಟನು. ೧೯೯೯ರಲ್ಲಿ ಪೀಟರ್ ಮೆರ್ಹೋಲ್ಟ್ಸ್ ಎಂಬಾತನು ಆ ಪದವನ್ನು ವಿನೋದಕ್ಕಾಗಿ ಬೇರೆಡೆಯಲ್ಲಿ ಒಡೆದು ‘ವೀ ಬ್ಲಾಗ್’ ಎಂದನು. ಅಂದಿನಿಂದ ಬ್ಲಾಗ್ ಉಳಿದುಕೊಂಡಿತು. ಕನ್ನಡಿಗರ ಬಾಯಲ್ಲಿಯೂ ಅದೇ ನಿಂತಿತು.

ಅದೇ ೧೯೯೯ರ ಆಗಸ್ಟಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರದ ಪೈರಾ ಲ್ಯಾಬ್ಸ್ ಎಂಬ ಚಿಕ್ಕ ಸಂಸ್ಥೆಯು ಬ್ಲಾಗರ್ ಎಂಬ ಸಾಧನವನ್ನು ಹೊರತಂದಿತು. ಸಂಕೇತಭಾಷೆಯನ್ನರಿಯದವನೂ ಒಂದು ಚೌಕದಲ್ಲಿ ಬರೆದು ಗುಂಡಿಯೊತ್ತಿದರೆ ಲೇಖನವು ಪ್ರಕಟವಾಗುತ್ತಿದ್ದಿತು. ಆರಂಭದಲ್ಲಿ ಈ ಸಾಧನವು ಬರೆಹವನ್ನು ಲೇಖಕನ ಸ್ವಂತ ತಾಣಕ್ಕೇ ಕಳುಹಿಸಿಕೊಡುತ್ತಿದ್ದಿತೆಂಬುದನ್ನು ಇಂದು ಅನೇಕರು ಅರಿಯರು. ಸ್ವಂತ ತಾಣವಿಲ್ಲದವರಿಗೆಂದು ಬ್ಲಾಗ್‌ಸ್ಪಾಟ್ ಎಂಬ ಪುಕ್ಕಟೆ ಛತ್ರವು ಆಮೇಲೆ ಬಂದಿತು. ಬಹುಮಂದಿ ಅಲ್ಲಿಯೇ ನೆಲೆಸಿದರು. ೨೦೦೩ರ ಫೆಬ್ರವರಿಯಲ್ಲಿ ಗೂಗಲ್ ಕಂಪೆನಿಯು ಇದನ್ನು ಕೊಂಡಿತು. ಸ್ವಂತ ತಾಣಕ್ಕೆ ಬರೆಹವನ್ನು ಕಳುಹಿಸುವ ಹಳೆಯ ಸೌಕರ್ಯವನ್ನು ೨೦೧೦ರಲ್ಲಿ ತೆಗೆದುಹಾಕಿತು.

ಎಲ್ಲರೂ ಒಂದೇ ಛತ್ರದಲ್ಲಿರುವುದರ ಅಪಾಯವು ನಮ್ಮ ದೇಶದಲ್ಲಿಯೂ ಕಂಡುಬಂದಿತು. ೨೦೦೬ರ ಜುಲೈ ೧೧ರಂದು ಮುಂಬಯಿಯ ರೈಲುಗಳಲ್ಲಿ ಬಾಂಬುಗಳು ಸಿಡಿದುವು. ಕೆಲವೇ ದಿನಗಳಲ್ಲಿ ಸರಕಾರವು ಒಂದಷ್ಟು ಪುಟಗಳನ್ನು ತಡೆಯಬೇಕೆಂದು ಇಂಟರ್ನೆಟ್ ಕಂಪೆನಿಗಳಿಗೆ ಆಜ್ಞಾಪಿಸಿತು. ಆ ಪುಟಗಳಲ್ಲಿ ಕೆಲವು ಬ್ಲಾಗ್‌ಸ್ಪಾಟಿನಲ್ಲಿದ್ದುವು. ಒಂದು ಕೋಣೆಗೆ ಬೀಗ ಹಾಕುವ ಬದಲಾಗಿ ಹಲವು ಕಂಪೆನಿಗಳು ಇಡೀ ಛತ್ರದ ಹೆಬ್ಬಾಗಿಲನ್ನೇ ಮುಚ್ಚಿದುವು. ಕವಿತೆ ಬರೆಯುವವರೂ ಅಡುಗೆಯ ವಿಧಾನ ಬರೆಯುವವರೂ ಒಂದೇ ಸಮನೆ ಮರೆಯಾದರು. ಕೆಲದಿನಗಳಲ್ಲಿ ತಡೆಯು ತೆರವಾಯಿತಾದರೂ, ತಪ್ಪೊಂದನ್ನೂ ಮಾಡದವನ ಮಾತು ನೆರೆಯವನ ದೆಸೆಯಿಂದ ಅಡಗಿಹೋಗಬಹುದೆಂಬುದು ಸ್ಪಷ್ಟಪಟ್ಟಿತು.

೪

ಇದಕ್ಕೆ ಪರಿಹಾರವೂ ಅದೇ ಕಾಲದಲ್ಲಿ ಹುಟ್ಟಿದ್ದಿತು. ಮಿಶೆಲ್ ವಾಲ್ದ್ರಿಗಿ ಎಂಬಾತನು ರಚಿಸಿದ್ದ ಬಿ೨ ಎಂಬ ಬ್ಲಾಗಿನ ತಂತ್ರಾಂಶವು ಆರೈಕೆಯಿಲ್ಲದೆ ನಿಂತುಹೋಗಿದ್ದಿತು. ಅದನ್ನು ಬಳಸುತ್ತಿದ್ದ ಮ್ಯಾಟ್ ಮುಲ್ಲೆನ್ವೆಗ್ ಎಂಬ ತರುಣನು ೨೦೦೩ರ ಜನವರಿಯಲ್ಲಿ ತನ್ನ ಬ್ಲಾಗಿನಲ್ಲಿ ಈ ಕಷ್ಟವನ್ನು ತೋಡಿಕೊಂಡನು. ಇಂಗ್ಲೆಂಡಿನ ಮೈಕ್ ಲಿಟ್ಲ್ ಎಂಬಾತನು ಅದನ್ನೋದಿ ತಾನು ಜತೆಗೂಡುವುದಾಗಿ ಉತ್ತರಿಸಿದನು. ಮೂಲ ತಂತ್ರಾಂಶವು ಯಾರು ಬೇಕಾದರೂ ತಿದ್ದಿ ಮುಂದುವರಿಸಬಹುದೆಂಬ ಪರವಾನಗಿಯಲ್ಲಿದ್ದುದರಿಂದ ಅವರಿಗೆ ಅಡ್ಡಿಯೇ ಇರಲಿಲ್ಲ. ೨೦೦೩ರ ಮೇ ೨೭ರಂದು ಅವರ ವರ್ಡ್‌ಪ್ರೆಸ್ ಹೊರಬಂದಿತು. ಮರುವರ್ಷ ಮೂವಬಲ್ ಟೈಪ್ ಎಂಬ ಮತ್ತೊಂದು ಹೆಸರಾಂತ ತಂತ್ರಾಂಶದ ಒಡೆಯರು ತಮ್ಮ ಷರತ್ತುಗಳನ್ನು ಬಿಗಿಮಾಡಲು, ಅನೇಕ ಬರೆಹಗಾರರು ವರ್ಡ್‌ಪ್ರೆಸ್ಸಿಗೆ ಒಕ್ಕಲು ಬಂದರು. ಇದನ್ನು ಬಾಡಿಗೆಯ ಮನೆಯಲ್ಲಿಯೂ ನಡೆಸಬಹುದು, ತನ್ನದೇ ಸರ್ವರಿನಲ್ಲಿಯೂ ನಡೆಸಬಹುದು. ಒಂದರಿಂದ ಇನ್ನೊಂದಕ್ಕೆ ಬರೆಹವನ್ನೆಲ್ಲ ಗಂಟುಕಟ್ಟಿ ಒಯ್ಯಬಹುದು. ಹೀಗೆ ಒಯ್ಯಬಲ್ಲ ಸ್ವಾತಂತ್ರ್ಯವೇ ಅದರ ಹೆಚ್ಚಳ.

ಕನ್ನಡಿಗರಿಗಾದರೋ ಮನೆಯ ಚಿಂತೆಯ ಜತೆಗೆ ಅಕ್ಷರದ ಚಿಂತೆಯೂ ಇದ್ದಿತು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ಟು ಒದಗಿದುದು ೧೯೯೫ರ ಆಗಸ್ಟ್ ೧೫ರಂದು. ಮರುವರ್ಷವೇ ಡಾ. ಯು. ಬಿ. ಪವನಜ ಅವರು ‘ವಿಶ್ವ ಕನ್ನಡ’ವೆಂಬ ಜಾಲಪತ್ರಿಕೆಯನ್ನು ಆರಂಭಿಸಿದರು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶವು ಬಂದು, ದೂರದೇಶಗಳಲ್ಲಿದ್ದ ಕನ್ನಡಿಗರಿಗೂ ತಾಯ್ನುಡಿಯಲ್ಲಿ ಬರೆಯುವುದು ಸುಲಭವಾಯಿತು. ಶ್ರೀ ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವೂ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಮಾಡಿದ ಉಪಕಾರವನ್ನು ಕನ್ನಡಿಗರು ಬಲ್ಲರು.

ಆದರೆ ಆ ಕಾಲದ ಪುಟಗಳಲ್ಲಿ ಒಂದು ತೊಡಕಿದ್ದಿತು. ಅದೆಂತೆಂದರೆ, ಯಂತ್ರವು ಒಳಗೆ ರೋಮನ್ ಅಕ್ಷರಗಳ ಸಂಖ್ಯೆಗಳನ್ನೇ ಇಟ್ಟುಕೊಂಡಿರುತ್ತಿದ್ದಿತು. ಫಾಂಟೆಂಬ ಅಚ್ಚಿನ ಮೊಳೆಗಳು ಮಾತ್ರ ಅವಕ್ಕೆ ಕನ್ನಡದ ವೇಷವನ್ನು ತೊಡಿಸುತ್ತಿದ್ದುವು. ಒಂದೊಂದು ತಾಣಕ್ಕೆ ಒಂದೊಂದು ಫಾಂಟು. ಅದು ಓದುಗನ ಗಣಕದಲ್ಲಿಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯೇ ಕಣ್ಣಿಗೆ ಬೀಳುತ್ತಿದ್ದಿತು. ಕನ್ನಡದ ಪದವೊಂದನ್ನು ಹುಡುಕುವುದಂತೂ ಅಸಾಧ್ಯ. ಜಗತ್ತಿನ ಲಿಪಿಗಳಿಗೆಲ್ಲ ಬೇರೆಬೇರೆ ಸಂಖ್ಯೆಗಳನ್ನು ಗೊತ್ತುಪಡಿಸುವ ಯೂನಿಕೋಡ್ ಎಂಬ ಏರ್ಪಾಡು ೧೯೯೧ರಲ್ಲಿ ಪ್ರಕಟವಾದಾಗಲೇ ಕನ್ನಡಕ್ಕೆ ಅದರಲ್ಲಿ ೧೨೮ ಸ್ಥಾನಗಳ ಒಂದು ಪಾಲು ದೊರೆತಿದ್ದಿತು. ಆದರೆ ೨೦೦೧ರ ವಿಂಡೋಸ್ ಎಕ್ಸ್‌ಪಿಯು ತುಂಗಾ ಎಂಬ ಫಾಂಟಿನೊಡನೆ ಬಂದ ಮೇಲೆಯೇ ಅದು ಸಾಮಾನ್ಯರ ಗಣಕಗಳಿಗೆ ಇಳಿಯಿತು. ೨೦೦೩ರಲ್ಲಿ ಮೊದಲಾದ ಕನ್ನಡ ವಿಕಿಪೀಡಿಯವೂ, ೨೦೦೫ರಲ್ಲಿ ಶ್ರೀ ಹರಿಪ್ರಸಾದ್ ನಾಡಿಗ್ ಅವರು ತೆರೆದ ‘ಸಂಪದ’ವೂ, ಬಳಿಕ ಮೂಡಿಬಂದ ನೂರಾರು ಕನ್ನಡ ಬ್ಲಾಗುಗಳೂ ಈ ತಳಹದಿಯ ಮೇಲೆ ನಿಂತಿವೆ. ಹಿಂದಿನ ಪುಟಗಳಲ್ಲಿ ಯೂನಿಕೋಡಿಗೆ ತಿರುಗಿಸದೆ ಉಳಿದವು, ಇದ್ದೂ ಓದಲಾಗದ ಶಾಸನಗಳಂತಾದುವು.

೫

ಇಷ್ಟನ್ನು ತಿಳಿದ ಮೇಲೆ, ಹೊಸದಾಗಿ ಪುಟ ತೆರೆಯಲೆಳಸುವವರು ಮಾಡತಕ್ಕುದೇನೆಂಬುದು ತಾನಾಗಿಯೇ ಹೊಳೆಯುತ್ತದೆ. ಮೊದಲನೆಯದು ಹೆಸರು. ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ವ್ಯವಸ್ಥೆಯ ಪ್ರಕಾರ ಜಾಲದ ಹೆಸರೊಂದನ್ನು ಯಾವ ಸರ್ವರಿನ ಕಡೆಗೆ ಬೇಕಾದರೂ ತಿರುಗಿಸಬಹುದು. ವರ್ಷಕ್ಕಿಷ್ಟೆಂದು ಸ್ವಲ್ಪ ಹಣ ತೆತ್ತು ಇಂಥ ಹೆಸರನ್ನು ತಮ್ಮದಾಗಿ ಇಟ್ಟುಕೊಂಡವರು ಮನೆ ಬದಲಿಸಿದರೂ ವಿಳಾಸ ಬದಲಾಗುವುದಿಲ್ಲ, ಓದುಗರು ತಪ್ಪಿಹೋಗುವುದಿಲ್ಲ. ತೆರಿಗೆ ಕಟ್ಟದ ಹೊಲದಂತೆ, ಹಣ ತೆರುವುದನ್ನು ಮರೆತರೆ ಅದು ಪರರ ಪಾಲಾಗುವುದೆಂಬುದೂ ನೆನಪಿರಲಿ. ಎರಡನೆಯದು ಅಕ್ಷರ, ಯೂನಿಕೋಡಿನಲ್ಲಿಯೇ ಬರೆಯುವುದು. ಮೂರನೆಯದು ಮನೆ, ಪುಕ್ಕಟೆಯ ಛತ್ರದಲ್ಲಿ ಮೊದಲು ಇಳಿದುಕೊಳ್ಳುವುದರಲ್ಲಿ ದೋಷವಿಲ್ಲ, ಆದರೆ ಅಲ್ಲಿಂದ ಗಂಟುಮೂಟೆ ಸಹಿತ ಹೊರಡಲು ದಾರಿಯುಂಟೇ ಎಂದು ಒಳಹೊಗುವ ಮುನ್ನವೇ ವಿಚಾರಿಸಬೇಕು. ನಾಲ್ಕನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ ಪ್ರತಿ. ಬರೆದುದರ ಒಂದು ಪ್ರತಿ ತಮ್ಮ ಮನೆಯಲ್ಲಿ, ಮತ್ತೊಂದು ಪ್ರತಿ ಬೇರೊಂದು ಸ್ಥಳದಲ್ಲಿ ಇರಲೇಬೇಕು.

ಕೊನೆಯ ಮಾತು ನಮ್ಮವರಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಮೂಲ ಓಲೆಯು ಎಂದೋ ಮಣ್ಣುಗೂಡಿತು. ಆದರೂ ೧೮೯೮ರಲ್ಲಿ ಕೆ. ಬಿ. ಪಾಠಕರು ಅದನ್ನು ಮುದ್ರಿಸಲು ಸಾಧ್ಯವಾದುದು, ನಡುವಣ ಶತಮಾನಗಳಲ್ಲಿ ಹೆಸರು ತಿಳಿಯದ ಲಿಪಿಕಾರರು ಒಂದು ಓಲೆಯಿಂದ ಮತ್ತೊಂದು ಓಲೆಗೆ ಅದನ್ನು ಇಳಿಸಿಕೊಂಡು ಬಂದುದರಿಂದ. ಗೆದ್ದಲು ತಿನ್ನುವುದೆಂದು ಅವರು ಬಲ್ಲವರಾಗಿದ್ದರು, ಆದುದರಿಂದಲೇ ಪ್ರತಿಮಾಡಿದರು. ಜಾಲದ ಗೆದ್ದಲು ಕಣ್ಣಿಗೆ ಕಾಣುವುದಿಲ್ಲವಷ್ಟೆ. ಇಂದು ಊರಿನ ಕಥೆ, ಮನೆತನದ ನೆನಪು, ಅಜ್ಜಿಯ ಹಾಡು ಇವನ್ನೆಲ್ಲ ಜಾಲದಲ್ಲಿ ಬರೆದಿಡುತ್ತಿರುವವರು ಬಹಳ ಮಂದಿ. ಅವುಗಳಲ್ಲಿ ಎಷ್ಟೋ ಸಂಗತಿಗಳಿಗೆ ಬೇರೆ ದಾಖಲೆಯೇ ಇಲ್ಲ. ಬರೆಯುವ ಉತ್ಸಾಹದಷ್ಟೇ ಕಾಪಾಡುವ ಎಚ್ಚರವೂ ಅವರಲ್ಲಿ ಬೆಳೆಯಲೆಂದು ಹಾರೈಸುತ್ತ ಈ ಲೇಖನವನ್ನು ಮುಗಿಸುತ್ತೇವೆ.