ಜಯದೇವಿತಾಯಿ ಲಿಗಾಡೆಯವರ ಚರಿತ್ರೆ

ಆಳಂದ, ಅಫಜಲಪುರ, ಜೇವರ್ಗಿಗಳ ನಮಗೆ ಸೊಲ್ಲಾಪುರವು ಪರಸ್ಥಳವಲ್ಲ. ಪೇಟೆಗೂ ಬೀಗತನಕ್ಕೂ ಸಂಕ್ರಾಂತಿಯ ಸಿದ್ಧರಾಮನ ಜಾತ್ರೆಗೂ ನಮ್ಮ ಹಿರಿಯರು ಹೋಗಿಬರುತ್ತಿದ್ದ ಊರದು. ೧೯೫೬ರ ನವೆಂಬರ್ ೧ರಂದು ನಮ್ಮ ತಾಲೂಕುಗಳು ಮೈಸೂರು ರಾಜ್ಯವನ್ನು ಸೇರಿದುವು. ಸೊಲ್ಲಾಪುರವು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಆ ಊರಿನಲ್ಲಿ ಜನಿಸಿ, ಕನ್ನಡಕ್ಕಾಗಿ ಬಾಳನ್ನೇ ಸವೆಯಿಸಿದ ಕವಯಿತ್ರಿಯೊಬ್ಬರ ಚರಿತ್ರೆಯನ್ನು ವಾಚಕರ ಮುಂದಿಡುವೆನು.

ಜಯದೇವಿತಾಯಿಯವರು ಹುಟ್ಟಿದುದು ೧೯೧೨ರಲ್ಲಿ. ಮನೆಯ ಮಾತು ಕನ್ನಡ, ಶಾಲೆಯ ಮಾತು ಮರಾಠಿ. ೧೪ನೆಯ ವಯಸ್ಸಿಗೆ ವಿವಾಹವಾಯಿತು. ಕನ್ನಡದ ಓದುಬರಹವನ್ನು ಅವರು ಸಾಧಿಸಿದುದು ಆಮೇಲೆ, ಸ್ವಪ್ರಯತ್ನದಿಂದ. ಹೀಗೆ ತಡವಾಗಿ ಅಕ್ಷರ ಕಲಿತವರು ಶ್ರೀ ಸಿದ್ಧರಾಮೇಶ್ವರರ ಪುರಾಣವನ್ನು ರಚಿಸಹೊರಟಾಗ ಆರಿಸಿಕೊಂಡ ಛಂದಸ್ಸು ಯಾವುದು? ಪುರಾಣಕರ್ತರಿಗೆ ರೂಢವಾದ ಷಟ್ಪದಿಯಲ್ಲ. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುವ ತ್ರಿಪದಿ! ಆ ಮಹಾಕಾವ್ಯದಲ್ಲಿ ೪,೦೦೦ಕ್ಕೂ ಮಿಕ್ಕ ತ್ರಿಪದಿಗಳಿರುವುವು. ಶಾಲೆಯು ಕೊಡದೆಹೋದ ಕನ್ನಡವನ್ನು ತಾಯಂದಿರ ಬಾಯಿಂದ ಪಡೆದ ಋಣವನ್ನು ಅವರು ಹೀಗೆ ಸಲ್ಲಿಸಿದರೆಂದು ನನ್ನ ಎಣಿಕೆ. ವಚನಗಳನ್ನು ಮರಾಠಿಗೆ ತಂದು ನೆರೆಯವರಿಗೂ ಉಣಬಡಿಸಿದರು. ಆದುದರಿಂದ ಅವರ ಕನ್ನಡಾಭಿಮಾನವು ಪರಭಾಷಾದ್ವೇಷವಾಗಿರಲಿಲ್ಲ.

ಕರ್ನಾಟಕ ಏಕೀಕರಣದ ಚಳವಳಿಯಲ್ಲಿ ತಾಯಿಯವರು ಮುಂದಾಗಿ ನಿಂತು, ಸೊಲ್ಲಾಪುರವು ಕರ್ನಾಟಕಕ್ಕೆ ಸೇರತಕ್ಕದ್ದೆಂದು ಹೋರಾಡಿದರು. ೧೯೫೦ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಸೊಲ್ಲಾಪುರದಲ್ಲಿಯೇ ನೆರೆಯಿತು. ಆದರೂ ಆರು ವರ್ಷಗಳ ಮೇಲೆ ಊರು ಆಚೆಗೆ ಉಳಿಯಿತು. ೧೯೬೭ರ ಮಹಾಜನ ಆಯೋಗವು ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳನ್ನು ಮೈಸೂರು ರಾಜ್ಯಕ್ಕೆ ಕೊಡಬೇಕೆಂದು ಹೇಳಿತಾದರೂ ಅದು ಕಾರ್ಯಗತವಾಗಲಿಲ್ಲ. ೧೯೭೪ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ತಾಯಿಯವರು ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲನೆಯ ಮಹಿಳೆ ಅವರೇ. ಗಡಿಯ ಆಚೆ ಉಳಿದ ಊರಿನ ಮಗಳಿಗೆ ನಾಡು ಸಲ್ಲಿಸಿದ ಗೌರವವದು. ಕಡೆಗಾಲದಲ್ಲಿ ಬಸವಕಲ್ಯಾಣದಲ್ಲಿ ನೆಲಸಿ, ೧೯೮೬ರಲ್ಲಿ ಲಿಂಗೈಕ್ಯರಾದರು.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಸಂಸ್ಕೃತ ಪಾಠಶಾಲೆಯಲ್ಲಿ ವೃತ್ತಗಳ ಲಕ್ಷಣವನ್ನು ಕಂಠಪಾಠ ಮಾಡಿದ ನಾನು, ತ್ರಿಪದಿಯೆಂದರೆ ಹೆಂಗಸರ ಹಾಡೆಂದು ಬಹುಕಾಲ ಕಡೆಗಣಿಸಿದ್ದೆನು. ನಸುಕಿನಲ್ಲಿ ನನ್ನ ತಾಯಿ ಹಾಡುತ್ತಿದ್ದ ಪದಗಳಲ್ಲಿ ಒಂದನ್ನೂ ಬರೆದಿಟ್ಟುಕೊಳ್ಳಲಿಲ್ಲ. ತಾಯಿಯವರ ಪುರಾಣವನ್ನು ಓದಿ ಕಣ್ಣು ತೆರೆಯುವ ಹೊತ್ತಿಗೆ ಹಾಡುವವಳೇ ಇರಲಿಲ್ಲ. ವಾಚಕರ ಮನೆಗಳಲ್ಲಿ ಅಂಥ ಮುದುಕಿಯರು ಇನ್ನೂ ಇದ್ದರೆ, ಇಂದೇ ಕಾಗದ ಹಿಡಿದು ಅವರ ಬಳಿ ಕುಳಿತುಕೊಳ್ಳಿರಿ. ಜಯದೇವಿತಾಯಿಯವರನ್ನು ಸ್ಮರಿಸಲು ಇದಕ್ಕಿಂತ ಉತ್ತಮವಾದ ದಾರಿಯನ್ನು ನಾನರಿಯೆನು.